ಡಾ. ಪೇಟನ್ ರೌಸ್ ಮತ್ತು ಒಂದು ಕೋಳಿಯ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುತ್ತೇನೆಂದು ಒಪ್ಪಿಕೊಂಡೆ. ಬರೆಯಲು ಕುಳಿತಾಗ ಮಾತ್ರ ಮನಸ್ಸು ಬೇರೆ ಕಡೆಗೆ ಹೋಯಿತು. ಇದೇ ಶಾಲೆಯಲ್ಲಿ 3 ವರ್ಷ ಓದಿ, ಆಮೇಲೆ 19 ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ನೆನಪುಗಳು ಬೇಕಾದಷ್ಟಿವೆ. ಆದರೆ ಒಬ್ಬ ವಿದ್ಯಾರ್ಥಿನಿಗೆ ನಾನು ಕೊಟ್ಟ ಒಂದು ಅರ್ಧ ಉತ್ತರ ಸಾಲದ ಹಾಗೆ ತಲೆಯ ಮೇಲೆ ಕುಳಿತಿದೆ. ಅದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಒಂದು ದಿನ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮುಗಿಸಿ ಹೊರಡುತ್ತಿದ್ದೆ. ಮಕ್ಕಳೆಲ್ಲ ಹೋದ ಮೇಲೆ ಒಬ್ಬಳು ಹುಡುಗಿ ಬಾಗಿಲ ಬಳಿ ನಿಂತಳು. ಅವಳ ತಾಯಿಗೆ ಸ್ತನದ ಕ್ಯಾನ್ಸರ್ ಆಗಿ, ಮನೆಯವರು ಬೆಂಗಳೂರಿಗೆ ಓಡಾಡುತ್ತಿದ್ದ ವಿಷಯ ನಮಗೆಲ್ಲ ಗೊತ್ತಿತ್ತು. ಆ ಬೀದಿಯ ಕೆಲವರು ಅವರ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಹುಡುಗಿ ಎರಡು ಪ್ರಶ್ನೆ ಕೇಳಿದಳು. ಈ ಕಾಯಿಲೆ ಅಂಟುತ್ತದೆಯೇ, ಮುಂದೆ ತನಗೂ ಬರುತ್ತದೆಯೇ ಎಂದು. ಎರಡಕ್ಕೂ ಇಲ್ಲ, ಹೆದರಬೇಡ ಎಂದುಬಿಟ್ಟೆ. ಅವಳು ಸಮಾಧಾನದಿಂದ ಹೋದಳು. ನನಗೂ ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿಯಾಯಿತು. ಹಲವು ವರ್ಷಗಳ ನಂತರ ಡಾ. ಪೇಟನ್ ರೌಸ್ ಎಂಬ ಅಮೆರಿಕದ ವಿಜ್ಞಾನಿಯ ಜೀವನ ಓದಿದಾಗ, ನಾನು ಹೇಳಿದ್ದು ಎಷ್ಟು ಆತುರದ ಉತ್ತರ ಎಂಬುದು ತಿಳಿಯಿತು. ಅವಳ ಎರಡು ಪ್ರಶ್ನೆಗಳೂ ಈ ಮನುಷ್ಯನ ಬದುಕಿನ ಉದ್ದಕ್ಕೂ ಹರಿದಿವೆ.

ಫ್ರಾನ್ಸಿಸ್ ಪೇಟನ್ ರೌಸ್ ಹುಟ್ಟಿದ್ದು 1879ರ ಅಕ್ಟೋಬರ್ 5ರಂದು, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಅವರು ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಗೆ ಮೂವರು ಮಕ್ಕಳು. ಅವರ ತವರಿನವರು ದೂರದ ಟೆಕ್ಸಾಸಿನಲ್ಲಿದ್ದರು. ಅಲ್ಲಿಗೆ ಹೋಗಿದ್ದರೆ ಬದುಕು ಸುಲಭವಾಗುತ್ತಿತ್ತು. ಆದರೆ ಮಕ್ಕಳಿಗೆ ಒಳ್ಳೆಯ ವಿದ್ಯೆ ಸಿಗುವುದು ಬಾಲ್ಟಿಮೋರಿನಲ್ಲಿ ಎಂದು ಆ ತಾಯಿ ಇದ್ದ ಊರಲ್ಲೇ ಉಳಿದರು. ಮಕ್ಕಳ ಓದಿಗಾಗಿ ತವರಿನ ಆಸರೆಯನ್ನೂ ಬಿಟ್ಟು ಕಷ್ಟಪಟ್ಟ ತಾಯಂದಿರು ನಮ್ಮೂರಿನಲ್ಲೂ ಇದ್ದಾರೆ. ಈ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಎಷ್ಟೋ ಹೆಸರುಗಳ ಹಿಂದೆ ಅಂಥವರ ದುಡಿಮೆಯಿದೆ. ಆದ್ದರಿಂದ ರೌಸರ ಕಥೆಯನ್ನು ಅವರ ತಾಯಿಯಿಂದಲೇ ಶುರು ಮಾಡಿದೆ.

ಹುಡುಗನಿಗೆ ಗಿಡ, ಹೂವುಗಳೆಂದರೆ ಪ್ರೀತಿ. ಕಾಲೇಜಿನಲ್ಲಿದ್ದಾಗ ಊರಿನ ಪತ್ರಿಕೆಗೆ ಆಯಾ ತಿಂಗಳಿನ ಕಾಡುಹೂವಿನ ಬಗ್ಗೆ ಬರೆದು ಒಂದಿಷ್ಟು ಸಂಪಾದಿಸುತ್ತಿದ್ದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1900ರಲ್ಲಿ ಪದವಿ ಪಡೆದು, ಅಲ್ಲಿಯೇ ವೈದ್ಯಕೀಯಕ್ಕೆ ಸೇರಿದರು. ಕ್ಷಯದಿಂದ ಸತ್ತವರ ಶವಪರೀಕ್ಷೆ ಮಾಡುವಾಗ ಮೂಳೆ ತಗುಲಿ ಬೆರಳು ತರಚಿತು. ಆ ಗಾಯದಿಂದ ಕ್ಷಯ ಅಂಟಿ, ಕಂಕುಳಿನ ಗ್ರಂಥಿಗಳಿಗೆ ಹಬ್ಬಿತು. ಆ ಕಾಲದಲ್ಲಿ ಕ್ಷಯಕ್ಕೆ ಔಷಧಿ ಇರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಓದು ನಿಲ್ಲಿಸಿ, ಟೆಕ್ಸಾಸಿನ ಹುಲ್ಲುಗಾವಲಿಗೆ ಹೋಗಿ ಒಂದು ವರ್ಷ ದನಗಳ ಹಿಂದೆ ತಿರುಗಿದರು. ಬಿಸಿಲು, ಗಾಳಿ, ದನಗಾಹಿಗಳ ಸಹವಾಸದಲ್ಲಿ ಆರೋಗ್ಯ ಮರಳಿತು. 1905ರಲ್ಲಿ ವೈದ್ಯ ಪದವಿ ಕೈಗೆ ಬಂತು.

ಆದರೆ ರೋಗಿಗಳನ್ನು ನೋಡುವ ಕೆಲಸಕ್ಕೆ ತಾನು ತಕ್ಕವನಲ್ಲವೆಂದು ಅವರಿಗೆ ಅನ್ನಿಸಿತು. ರೋಗ ಹೇಗೆ ಹುಟ್ಟುತ್ತದೆ ಎಂಬ ಶೋಧನೆಯ ಕಡೆಗೆ ತಿರುಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಲ್ಡ್ರೆಡ್ ವಾರ್ಥಿನ್ ಅವರ ಕೈಕೆಳಗೆ ಸೇರಿದರು. ವಾರ್ಥಿನ್ ಈ ತರುಣನಿಗೆ ಜರ್ಮನ್ ಭಾಷೆ ಕಲಿಯಲು ಹೇಳಿ, ಡ್ರೆಸ್ಡೆನ್ ನಗರಕ್ಕೆ ಹೋಗಿ ಕಲಿತು ಬರಲು ಸೂಚಿಸಿದರು. ಖರ್ಚಿಗೆ ಹಣ ಬೇಕಲ್ಲ? ಬೇಸಿಗೆ ತರಗತಿಗಳಲ್ಲಿ ರೌಸ್ ಮಾಡಬೇಕಿದ್ದ ಪಾಠಗಳನ್ನು ತಾವೇ ಮಾಡಿ, ಅದರ ಸಂಬಳ ಶಿಷ್ಯನಿಗೇ ಸಿಗುವಂತೆ ಮಾಡಿದರು. ಶಿಕ್ಷಕನಾಗಿ ಕೆಲಸ ಮಾಡಿದ ನನಗೆ, ರೌಸರಿಗೆ ಮುಂದೆ ಬಂದ ದೊಡ್ಡ ಬಹುಮಾನಕ್ಕಿಂತ ಈ ಸಂಗತಿಯೇ ಹೆಚ್ಚು ಹಿಡಿಸಿದೆ.

ಈ ಗುರುವಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. 1895ರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ವಾರ್ಥಿನ್ ಅವರ ಹತ್ತಿರ, ತನ್ನ ಮನೆತನದಲ್ಲಿ ಬಹಳ ಮಂದಿ ಕ್ಯಾನ್ಸರಿನಿಂದ ಸತ್ತಿದ್ದಾರೆ, ತನಗೂ ಅದೇ ಗತಿ ಎಂದು ದುಃಖ ತೋಡಿಕೊಂಡಿದ್ದಳು. ಅವಳ ಮಾತು ನಿಜವಾಯಿತು. ಗರ್ಭಕೋಶದ ಕ್ಯಾನ್ಸರಿನಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಂಶವೃಕ್ಷವನ್ನು ತಾಳ್ಮೆಯಿಂದ ಬರೆದಿಡುತ್ತಾ ಹೋಗಿ 1913ರಲ್ಲಿ ಪ್ರಕಟಿಸಿದರು. ಕೆಲವು ಕುಟುಂಬಗಳಲ್ಲಿ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ ಎಂಬುದಕ್ಕೆ ಅದು ಮೊದಮೊದಲ ದಾಖಲೆಗಳಲ್ಲೊಂದು. ಗುರು ಹಿಡಿದದ್ದು ನಮ್ಮ ಹುಡುಗಿಯ ಎರಡನೆಯ ಪ್ರಶ್ನೆಯನ್ನು. ಶಿಷ್ಯನ ಪಾಲಿಗೆ ಬಂದದ್ದು ಮೊದಲನೆಯದು.

ರೌಸ್ 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಕ್ಯಾನ್ಸರ್ ಸಂಶೋಧನೆಯ ಹೊಣೆ ಹೊತ್ತರು. ಆ ಕೆಲಸಕ್ಕೆ ಕೈಹಾಕಬೇಡ, ಅದರಲ್ಲಿ ಏನೂ ಗಿಟ್ಟುವುದಿಲ್ಲ ಎಂದು ಹಿತೈಷಿಗಳು ಬುದ್ಧಿ ಹೇಳಿದ್ದರು. ಅದೇ ಹೊತ್ತಿಗೆ ಕೋಳಿ ಸಾಕುವವರೊಬ್ಬರು ಎದೆಯಲ್ಲಿ ದೊಡ್ಡ ಗಡ್ಡೆಯಿದ್ದ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದನ್ನು ತಂದುಕೊಟ್ಟರು. ನಮ್ಮಲ್ಲಾದರೆ ಅಂಥ ಕೋಳಿಯನ್ನು ತಿಪ್ಪೆಯ ಹಿಂದೆ ಹೂಳುತ್ತಾರೆ. ರೌಸ್ ಆ ಗಡ್ಡೆಯ ಚೂರುಗಳನ್ನು ಅದೇ ಹಿಂಡಿನ ಬೇರೆ ಕೋಳಿಗಳಿಗೆ ಸೇರಿಸಿದರು. ಕೆಲವಕ್ಕೆ ಅದೇ ಬಗೆಯ ಗಡ್ಡೆ ಬೆಳೆಯಿತು. ಅವುಗಳಿಂದ ಮತ್ತೆ ಬೇರೆಯವಕ್ಕೆ ಸೇರಿಸಿದರು, ಮತ್ತೆ ಬೆಳೆಯಿತು.

ಇಷ್ಟಕ್ಕೆ ನಿಂತಿದ್ದರೆ ಅದರಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಜೀವಂತ ಕ್ಯಾನ್ಸರ್ ಕೋಶಗಳು ಹೊಸ ಮೈಯಲ್ಲಿ ನಾಟಿಕೊಂಡು ಬೆಳೆದವು ಎಂದು ಹೇಳಬಹುದಿತ್ತು. ರೌಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಡ್ಡೆಯನ್ನು ಮರಳಿನೊಂದಿಗೆ ಅರೆದು, ಉಪ್ಪಿನ ದ್ರಾವಣದಲ್ಲಿ ಕಲಸಿ, ನುಣುಪು ಮಣ್ಣಿನಿಂದ ಮಾಡಿದ ಸೋಸುಕದಲ್ಲಿ ಹಾಯಿಸಿದರು. ಆ ಸೋಸುಕದಲ್ಲಿ ಬ್ಯಾಕ್ಟೀರಿಯಾ ಕೂಡ ದಾಟಲಾರದು. ಅದಕ್ಕಿಂತ ಎಷ್ಟೋ ದೊಡ್ಡದಾದ ಕೋಳಿಯ ಜೀವಕೋಶ ದಾಟುವ ಮಾತೇ ಇಲ್ಲ. ಕೆಳಗೆ ಇಳಿದದ್ದು ಬರೀ ತಿಳಿನೀರು. ಆ ನೀರನ್ನು ಆರೋಗ್ಯವಾದ ಕೋಳಿಗಳಿಗೆ ಚುಚ್ಚಿದಾಗಲೂ ಗಡ್ಡೆ ಬಂತು. ಅಂದರೆ ಜೀವಕೋಶಕ್ಕಿಂತ ಬಹಳ ಸಣ್ಣದಾದ ಯಾವುದೋ ವಸ್ತು ಕ್ಯಾನ್ಸರನ್ನು ಹೊತ್ತೊಯ್ಯುತ್ತಿತ್ತು. 1911ರಲ್ಲಿ ರೌಸ್ ಇದನ್ನು ಪ್ರಕಟಿಸಿದರು. ಆಗ ಅವರಿಗೆ ಇನ್ನೂ 31 ವರ್ಷ. ಆ ವಸ್ತುವನ್ನು ಇಂದು ನಾವು ರೌಸ್ ಸಾರ್ಕೋಮಾ ವೈರಸ್ ಎಂದು ಕರೆಯುತ್ತೇವೆ.

ಜನ ನಂಬಲಿಲ್ಲ. ಸೋಸುವಾಗ ಒಂದೆರಡು ಕೋಶ ನುಸುಳಿರಬೇಕು ಎಂದರು ಕೆಲವರು. ಇದು ನಿಜವಾದ ಕ್ಯಾನ್ಸರೇ ಅಲ್ಲ ಎಂದರು ಇನ್ನು ಕೆಲವರು. ಹಕ್ಕಿಯ ಮಾತು ಮನುಷ್ಯನಿಗೆ ಹೇಗೆ ಅನ್ವಯಿಸೀತು ಎಂದು ಮತ್ತೆ ಕೆಲವರು ತಳ್ಳಿಹಾಕಿದರು. ರೌಸ್ ಕೋಳಿಗಳ ಬೇರೆ ಬಗೆಯ ಗಡ್ಡೆಗಳಲ್ಲೂ ಇಂಥದೇ ವಸ್ತುವನ್ನು ಕಂಡರು. ಆದರೆ ಇಲಿಗಳ ಗಡ್ಡೆಗಳನ್ನು ಎಷ್ಟು ಸೋಸಿ ಚುಚ್ಚಿದರೂ ಫಲ ಸಿಗಲಿಲ್ಲ. ನಾಲ್ಕೈದು ವರ್ಷ ಹೆಣಗಿ, 1915ರ ಹೊತ್ತಿಗೆ ಆ ಕೆಲಸವನ್ನು ಕೈಬಿಟ್ಟರು.

ಕೈಬಿಟ್ಟರೆಂದರೆ ಸುಮ್ಮನೆ ಕುಳಿತರೆಂದಲ್ಲ. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ರೌಸ್ ತಮ್ಮ ಸಹೋದ್ಯೋಗಿ ಟರ್ನರ್ ಜೊತೆಗೂಡಿ, ಸಿಟ್ರೇಟ್ ಮತ್ತು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ರಕ್ತವನ್ನು ಕೆಡದಂತೆ ವಾರಗಟ್ಟಲೆ ಇಡುವ ವಿಧಾನವನ್ನು ಕಂಡುಹಿಡಿದರು. ಅದನ್ನೇ ಬಳಸಿ 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ವೈದ್ಯರು ಯುದ್ಧರಂಗದ ಹತ್ತಿರ ರಕ್ತವನ್ನು ಮೊದಲೇ ಕೂಡಿಟ್ಟು ಗಾಯಾಳುಗಳಿಗೆ ಕೊಟ್ಟರು. ಇಂದಿನ ರಕ್ತನಿಧಿಗಳಿಗೆ ಅದೇ ನಾಂದಿ. ನಮ್ಮ ಶಾಲೆಯ ಆವರಣದಲ್ಲಿ ರಕ್ತದಾನ ಮಾಡಿದ ಹಳೆಯ ವಿದ್ಯಾರ್ಥಿಗಳು ಇದನ್ನು ನೆನಪಿಡಬಹುದು.

ಕೋಳಿಯ ಕೆಲಸ ಬಿಟ್ಟು ಸುಮಾರು 20 ವರ್ಷವಾದ ಮೇಲೆ, 1933ರಲ್ಲಿ ರಿಚರ್ಡ್ ಶೋಪ್ ಎಂಬ ಗೆಳೆಯರು ಕಾಡುಮೊಲಗಳ ಚರ್ಮದ ಮೇಲೆ ಬೆಳೆಯುವ ನರೂಲಿಗಳಿಗೆ ವೈರಸ್ ಕಾರಣವೆಂದು ತೋರಿಸಿದರು. ಮೊಲ ಹಕ್ಕಿಯಲ್ಲ, ನಮ್ಮಂತೆಯೇ ಸಸ್ತನಿ. ಶೋಪ್ ಉದಾರಿ, ಆ ಕೆಲಸವನ್ನು ಮುಂದುವರಿಸಲು ರೌಸರಿಗೇ ಬಿಟ್ಟುಕೊಟ್ಟರು. ಆ ನರೂಲಿಗಳು ಕಾಲಕ್ರಮದಲ್ಲಿ ನಿಜವಾದ ಕ್ಯಾನ್ಸರ್ ಆಗುತ್ತವೆ ಎಂಬುದನ್ನು ರೌಸ್ ಮತ್ತು ಸಂಗಡಿಗರು ಕಂಡರು. ಮೊಲದ ಕಿವಿಗೆ ಟಾರು ಹಚ್ಚುತ್ತಾ ಹೋದರೆ ಕ್ಯಾನ್ಸರ್ ಬರುತ್ತದೆಂದು ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ 1915ರಲ್ಲೇ ತೋರಿಸಿದ್ದರು. ರೌಸರ ತಂಡ ಟಾರಿನ ಕೆಲಸವನ್ನೂ ಪರೀಕ್ಷಿಸಿ, 1940ರ ದಶಕದಲ್ಲಿ ಒಂದು ಮುಖ್ಯ ಸಂಗತಿಯನ್ನು ಹೇಳಿತು. ಕ್ಯಾನ್ಸರ್ ಒಂದೇ ಏಟಿಗೆ ಹುಟ್ಟುವುದಿಲ್ಲ. ಮೊದಲು ಕೋಶದಲ್ಲಿ ಒಂದು ಬದಲಾವಣೆ ಬಿತ್ತನೆಯಾಗುತ್ತದೆ. ಅದು ಹೊರಗೆ ಕಾಣದೆ ಬಹಳ ಕಾಲ ಸುಮ್ಮನಿರಬಹುದು. ಆಮೇಲೆ ಗಾಯವೋ ಮತ್ತೆ ಮತ್ತೆ ಆಗುವ ಕಿರಿಕಿರಿಯೋ ಅದಕ್ಕೆ ನೀರೆರೆದಂತೆ ಆಗಿ ಗಡ್ಡೆ ಮೇಲೇಳುತ್ತದೆ. ಇಪ್ಪತ್ತು ವರ್ಷ ಹೊಗೆಸೊಪ್ಪು ಜಗಿದರೂ ಏನೂ ಆಗಿಲ್ಲವೆಂದು ಜಗಲಿಯ ಮೇಲೆ ಕುಳಿತು ವಾದಿಸುವ ನಮ್ಮ ಹಿರಿಯರು ಈ ಮಾತನ್ನು ಗಮನಿಸಬೇಕು.

ಇನ್ನು ರೌಸರ ಬದುಕಿನ ವಿಚಿತ್ರಕ್ಕೆ ಬರುತ್ತೇನೆ. ಜರ್ಮನಿಯ ಥಿಯೋಡರ್ ಬೊವೆರಿ 1914ರಲ್ಲೇ ಕ್ಯಾನ್ಸರಿಗೆ ಜೀವಕೋಶದೊಳಗಿನ ವರ್ಣತಂತುಗಳ ಏರುಪೇರು ಕಾರಣವಿರಬೇಕೆಂದು ಬರೆದಿದ್ದರು. ಮುಂದೆ ಹಲವರು, ವಂಶವಾಹಿಗಳು ಅಂದರೆ ಜೀನುಗಳು ಕೆಡುವುದೇ ಕ್ಯಾನ್ಸರಿನ ಮೂಲ ಎಂದು ಹೇಳತೊಡಗಿದರು. ರೌಸ್ ಅದನ್ನು ಒಪ್ಪಲೇ ಇಲ್ಲ. ಕೊನೆಯವರೆಗೂ ವಿರೋಧಿಸಿದರು. ನೊಬೆಲ್ ಬಹುಮಾನಕ್ಕೆ ಅವರ ಹೆಸರು ಮೊದಲ ಸಲ ಸೂಚಿತವಾದದ್ದು 1926ರಲ್ಲಿ. ಬಹುಮಾನ ಬಂದದ್ದು 1966ರಲ್ಲಿ, ಚಾರ್ಲ್ಸ್ ಹಗಿನ್ಸ್ ಅವರೊಂದಿಗೆ. ಕೋಳಿಯ ಪ್ರಯೋಗ ನಡೆದು 55 ವರ್ಷವಾಗಿತ್ತು, ರೌಸರಿಗೆ 87 ತುಂಬಿತ್ತು. ಆ ಸಂದರ್ಭದ ಉಪನ್ಯಾಸದಲ್ಲೂ ಜೀನ್ ಕೆಡುವ ವಾದವನ್ನು ಅವರು ತಳ್ಳಿಹಾಕಿದರು. 1970ರ ಫೆಬ್ರವರಿ 16ರಂದು, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ವರ್ಷ, ಅವರು ಹೋದ ಕೆಲವೇ ತಿಂಗಳಲ್ಲಿ, ಅವರ ಕೋಳಿಯ ವೈರಸ್ಸೇ ಅವರ ಅಭಿಪ್ರಾಯದ ವಿರುದ್ಧ ಸಾಕ್ಷಿ ನುಡಿಯತೊಡಗಿತು. ಈ ವೈರಸ್ ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ.ಗೆ ನಕಲು ಮಾಡಿ ಕೋಶದ ಜೀನುಗಳ ಸಾಲಿನಲ್ಲೇ ಸೇರಿಕೊಳ್ಳಬಲ್ಲದು ಎಂಬುದಕ್ಕೆ ಹೋವರ್ಡ್ ಟೆಮಿನ್ ಪುರಾವೆ ಒದಗಿಸಿದರು. ವೈರಸ್ಸಿನಲ್ಲಿ ಕ್ಯಾನ್ಸರ್ ತರುವುದು ಒಂದೇ ಒಂದು ಜೀನ್ ಎಂಬುದೂ ತಿಳಿಯಿತು. ಅದಕ್ಕೆ ಸಾರ್ಕ್ ಎಂದು ಹೆಸರು. 1976ರಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಜೊತೆಗಾರರು ಇನ್ನೂ ದೊಡ್ಡ ಅಚ್ಚರಿಯನ್ನು ಮುಂದಿಟ್ಟರು. ಆ ಜೀನ್ ವೈರಸ್ಸಿನ ಸ್ವಂತದ್ದಲ್ಲ. ಯಾವುದೇ ರೋಗವಿಲ್ಲದ ಕೋಳಿಯ ಕೋಶದಲ್ಲೂ ಅದು ಇದೆ. ಹಿಂದೆಂದೋ ವೈರಸ್ ಅದನ್ನು ಕೋಳಿಯಿಂದಲೇ ಎತ್ತಿಕೊಂಡು ಹೋಗಿತ್ತು. ಮುಂದೆ ನೋಡಿದರೆ ಮನುಷ್ಯರಲ್ಲೂ ಅದೇ ಜೀನ್ ಇತ್ತು. 1989ರಲ್ಲಿ ಬಿಷಪ್ ಮತ್ತು ವಾರ್ಮಸ್ ಅವರಿಗೆ ನೊಬೆಲ್ ಬಂತು.

ಇದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಟ್ರಾಕ್ಟರಿನ ಉದಾಹರಣೆ ಕೊಡುತ್ತಿದ್ದೆ. ಕೋಶ ಒಡೆದು ಎರಡಾಗಲು ಹೇಳುವ ಜೀನುಗಳು ಆಕ್ಸಿಲರೇಟರ್ ಇದ್ದಂತೆ. ಸಾಕು ನಿಲ್ಲು ಎನ್ನುವ ಜೀನುಗಳು ಬ್ರೇಕ್ ಇದ್ದಂತೆ. ಕೆಟ್ಟ ಡಿ.ಎನ್.ಎ.ಯನ್ನು ಸರಿಪಡಿಸುವ ಜೀನುಗಳು ಮೆಕ್ಯಾನಿಕ್ ಇದ್ದಂತೆ. ಸಾರ್ಕ್ ಜೀನ್ ತಯಾರಿಸುವ ಪ್ರೋಟೀನ್, ಬೇಕಾದಾಗ ಮಾತ್ರ ಕೆಲಸ ಮಾಡುವ ಒಂದು ಗುಂಡಿ. ಅದನ್ನು ಆರಿಸಿಡುವ ಒಂದು ತುಂಡು ಅದರ ಬಾಲದಲ್ಲಿದೆ. ವೈರಸ್ಸಿನ ಪ್ರತಿಯಲ್ಲಿ ಆ ಬಾಲ ಇಲ್ಲ. ಗುಂಡಿ ಸದಾ ಹೊತ್ತಿಕೊಂಡೇ ಇರುತ್ತದೆ. ಮನುಷ್ಯನಲ್ಲಿ ಇಂಥ ಕೇಡಿಗೆ ವೈರಸ್ಸೇ ಬರಬೇಕೆಂದಿಲ್ಲ. ಮೂತ್ರಕೋಶದ ಕ್ಯಾನ್ಸರ್ ಕೋಶವೊಂದರಲ್ಲಿ ರಾಸ್ ಎಂಬ ಜೀನಿನ ಒಂದೇ ಒಂದು ಅಕ್ಷರ ಬದಲಾಗಿದ್ದದ್ದನ್ನು 1982ರಲ್ಲಿ ಕಂಡರು. ತಂಬಾಕಿನ ಹೊಗೆ, ಬಿಸಿಲಿನ ನೇರಳಾತೀತ ಕಿರಣ, ಕೋಶ ಒಡೆಯುವಾಗಿನ ನಕಲಿನ ತಪ್ಪು, ಇವೆಲ್ಲ ಅಕ್ಷರ ಕೆಡಿಸಬಲ್ಲವು. ಒಂದು ಅಕ್ಷರ ಕೆಟ್ಟ ಮಾತ್ರಕ್ಕೆ ಸಾಮಾನ್ಯವಾಗಿ ಕ್ಯಾನ್ಸರ್ ಬರುವುದಿಲ್ಲ. ಆಕ್ಸಿಲರೇಟರ್ ಸಿಕ್ಕಿಕೊಂಡು, ಬ್ರೇಕ್ ಹೋಗಿ, ಮೆಕ್ಯಾನಿಕ್ಕೂ ಕೈಕೊಟ್ಟಾಗ ಬರುತ್ತದೆ. ಅದಕ್ಕೇ ಬಹುಪಾಲು ಕ್ಯಾನ್ಸರುಗಳು ವಯಸ್ಸಾದ ಮೇಲೆ ಕಾಣಿಸುತ್ತವೆ.

ಹೀಗೆ ರೌಸ್ ಅವರ ಪ್ರಯೋಗ ಉಳಿಯಿತು, ಅವರ ಅಭಿಪ್ರಾಯ ಬಿತ್ತು. ಅವರು ಸೋಸಿದ ಆ ತಿಳಿನೀರು ಸುಳ್ಳು ಹೇಳಿರಲಿಲ್ಲ. ಅದು ಹೇಳುತ್ತಿದ್ದ ಪೂರ್ತಿ ಮಾತನ್ನು ಕೇಳಿಸಿಕೊಳ್ಳಲು ಒಬ್ಬ ಮನುಷ್ಯನ 90 ವರ್ಷ ಸಾಲಲಿಲ್ಲ, ಅಷ್ಟೆ.

ಈಗ ನಮ್ಮ ಹುಡುಗಿಯ ಪ್ರಶ್ನೆಗಳಿಗೆ ಬರುತ್ತೇನೆ. ಕ್ಯಾನ್ಸರ್ ಅಂಟುತ್ತದೆಯೇ? ಕ್ಯಾನ್ಸರ್ ರೋಗಿಯ ಜೊತೆ ಉಂಡರೆ, ಅವರ ಲೋಟದಲ್ಲಿ ನೀರು ಕುಡಿದರೆ, ಅವರನ್ನು ಮುಟ್ಟಿ ಆರೈಕೆ ಮಾಡಿದರೆ ಕ್ಯಾನ್ಸರ್ ಬರುವುದಿಲ್ಲ. ಇದರಲ್ಲಿ ಯಾವ ಅನುಮಾನವೂ ಬೇಡ. ಆದರೆ ಕ್ಯಾನ್ಸರಿಗೆ ದಾರಿ ಮಾಡಿಕೊಡುವ ಕೆಲವು ವೈರಸ್ಸುಗಳು ಒಬ್ಬರಿಂದೊಬ್ಬರಿಗೆ ಹರಡುತ್ತವೆ. ಶೋಪರ ಮೊಲದ ವೈರಸ್ಸಿನ ದಾಯಾದಿಗಳಾದ ಪ್ಯಾಪಿಲೋಮಾ ವೈರಸ್ಸುಗಳು ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಹೆಪಟೈಟಿಸ್ ಬಿ ವೈರಸ್ ಯಕೃತ್ತಿಗೆ ತರುತ್ತದೆ. ಇವೆರಡಕ್ಕೂ ಈಗ ಲಸಿಕೆಯಿದೆ. ಮೊದಲನೆಯದನ್ನು ಹೆಣ್ಣುಮಕ್ಕಳಿಗೆ 9ರಿಂದ 14ನೆಯ ವಯಸ್ಸಿನೊಳಗೆ ಕೊಡಿಸಿದರೆ ಒಳ್ಳೆಯದು. ಅಂಥ ಎಷ್ಟೋ ಮಕ್ಕಳು ಇಂದು ಈ ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದಾರೆ.

ತನಗೂ ಬರುತ್ತದೆಯೇ? ಹೆಚ್ಚಿನ ಕ್ಯಾನ್ಸರುಗಳು ಬದುಕಿನ ನಡುವೆ ಮೈಯ ಯಾವುದೋ ಒಂದು ಕೋಶದಲ್ಲಿ ಆದ ಕೇಡಿನಿಂದ ಹುಟ್ಟುತ್ತವೆ. ಅವು ಮಕ್ಕಳಿಗೆ ಇಳಿಯುವುದಿಲ್ಲ. ಆದರೆ ನೂರರಲ್ಲಿ ಐದರಿಂದ ಹತ್ತರಷ್ಟು ಕ್ಯಾನ್ಸರುಗಳಲ್ಲಿ, ಬ್ರೇಕಿನಂಥ ಅಥವಾ ಮೆಕ್ಯಾನಿಕ್ಕಿನಂಥ ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ವಾರ್ಥಿನ್ ಅವರ ಆ ಹೊಲಿಗೆಯ ಹೆಂಗಸಿನ ಮನೆತನದಲ್ಲಿ ಆದದ್ದು ಇದೇ. ಇಂಥ ರೋಗಕ್ಕೆ ಕಾರಣವಾದ ಮೊದಲ ಜೀನುಗಳು 1993ರ ಸುಮಾರಿಗೆ ಪತ್ತೆಯಾದವು. ಸ್ತನದ ಕ್ಯಾನ್ಸರಿಗೆ ಸಂಬಂಧಿಸಿದ ಬ್ರಾಕಾ ಒಂದು ಎಂಬ ಜೀನ್ 1994ರಲ್ಲಿ ಸಿಕ್ಕಿತು. ಕೆಟ್ಟ ಜೀನ್ ಬಂದರೂ ಕ್ಯಾನ್ಸರ್ ಬಂದೇ ತೀರುತ್ತದೆ ಎಂದಲ್ಲ. ಬರುವ ಸಾಧ್ಯತೆ ಹೆಚ್ಚು. ಅಂಥವರು ಮೊದಲೇ ತಿಳಿದು ತಪಾಸಣೆ ಮಾಡಿಸಿಕೊಳ್ಳುತ್ತಿದ್ದರೆ ಜೀವ ಉಳಿಯುತ್ತದೆ. ಇದು ಯಾರ ಪಾಪವೂ ಅಲ್ಲ, ಯಾವ ಮನೆತನದ ಶಾಪವೂ ಅಲ್ಲ. ಹೆಣ್ಣು ತರುವಾಗಲೋ ಕೊಡುವಾಗಲೋ ಮುಚ್ಚಿಡುವ ವಿಷಯವಂತೂ ಅಲ್ಲವೇ ಅಲ್ಲ.

ಅಂದು ಆ ಹುಡುಗಿಗೆ ಇಲ್ಲ ಎಂದು ಹೇಳಿದ್ದು ಪ್ರೀತಿಯಿಂದ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಹಾಗೆ ಹೇಳಿದೆ. ಎರಡು ವರ್ಷದ ಹಿಂದೆ ಊರ ಜಾತ್ರೆಯಲ್ಲಿ ಅವಳು ಸಿಕ್ಕಳು. ಕೈಯಲ್ಲಿ ಮಗುವಿತ್ತು. ರಥದ ಬೀದಿಯ ಗದ್ದಲದಿಂದ ಪಕ್ಕಕ್ಕೆ ಕರೆದು, ನಾನು ಅಂದು ಹೇಳಿದ್ದು ಪೂರ್ತಿ ಸರಿಯಲ್ಲವಮ್ಮ, ನಿನ್ನ ತಾಯಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತೆಂದು ಡಾಕ್ಟರಿಗೆ ಹೇಳಿ ಸಲಹೆ ಕೇಳು ಎಂದೆ. ಅವಳು ನಕ್ಕಳು. ಮದುವೆಯಾದ ವರ್ಷವೇ ಕೇಳಿದ್ದಾಗಿ, ಈಗ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳುತ್ತಿರುವುದಾಗಿ ತಿಳಿಸಿದಳು. ಮೇಷ್ಟ್ರು ಇಷ್ಟು ವರ್ಷ ಅದನ್ನೇ ಯೋಚಿಸುತ್ತಿದ್ದರೇ ಎಂದು ಅವಳಿಗೇ ಬೇಸರವಾದಂತೆ ಕಂಡಿತು.

ವಿದ್ಯಾರ್ಥಿಗಳು ಮೇಷ್ಟ್ರನ್ನು ದಾಟಿ ಮುಂದೆ ಹೋದರೆ ಶಾಲೆಗೆ ಅದೇ ದೊಡ್ಡ ಉತ್ಸವ. ಐವತ್ತು ತುಂಬಿದ ನಮ್ಮ ಶಾಲೆಯಲ್ಲಿ ಇನ್ನು ಮುಂದೆಯೂ ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳುವ ಮಕ್ಕಳಿರಲಿ. ತಿಳಿಯದಿದ್ದರೆ ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎನ್ನುವ ಶಿಕ್ಷಕರಿರಲಿ ಎಂದು ಹಾರೈಸಿ ಮುಗಿಸುತ್ತೇನೆ.